ಉಳಿದ ಅರ್ಧ ಡಬ್ಬಿಗೂ ಒಂದು ರೆಸಿಪಿ

ಹೋದ ವರ್ಷ ಗೌರಿ ಹಬ್ಬ ಮುಗಿಸಿಕೊಂಡು ಧಾರವಾಡದಲ್ಲಿರುವ ತಂಗಿ ಮನೆಗೆ ಹೋಗಿದ್ದೆ. ಕಾಫಿಗೆ ಹಾಲು ತೆಗೆಯೋಣ ಅಂತ ಫ್ರಿಜ್ ಬಾಗಿಲು ತೆಗೆದೆ. ಅರ್ಧ ಟಿನ್ ಕಂಡೆನ್ಸ್ಡ್ ಮಿಲ್ಕ್. 200 ಮಿ.ಲೀ. ಕ್ರೀಮ್ ಡಬ್ಬಿ, ಅದರಲ್ಲಿ ಖಾಲಿಯಾಗಿದ್ದು ಎರಡೇ ಚಮಚ. ರಬ್ಬರ್ ಬ್ಯಾಂಡ್ ಹಾಕಿದ ಟೂಟಿ ಫ್ರೂಟಿ ಪ್ಯಾಕೆಟ್. ಬಾಗಿಲ ಹತ್ತಿರ ಬಾಯಿ ತೆರೆದ ಈಸ್ಟ್. ಎಲ್ಲವೂ ನಾನು ಕಳಿಸಿದ ರೆಸಿಪಿಗಳಿಗೆ ಅಂತ ತಂದದ್ದು. "ಅಕ್ಕಾ, ನಿನ್ನ ಒಂದೊಂದು ಕೇಕಿಗೂ ನಮ್ಮ ಫ್ರಿಜ್ಜಲ್ಲಿ ಒಂದೊಂದು ಅರ್ಧ ಡಬ್ಬಿ ಕೂತಿದೆ ನೋಡು" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಎಂಟು ವರ್ಷದಿಂದ ಮನೆಯಲ್ಲಿ ಬೇಕಿಂಗ್ ಮಾಡುತ್ತಿದ್ದೇನೆ. ಕೇಳಿದವರಿಗೆಲ್ಲ ರೆಸಿಪಿ ಕೊಟ್ಟಿದ್ದೇನೆ. ಆದರೆ ಎರಡು ಚಮಚ ಕ್ರೀಮ್ ಹಾಕಿ ಅಂತ ಬರೆದವಳು, ಉಳಿದದ್ದನ್ನು ಏನು ಮಾಡಬೇಕು ಅಂತ ಒಂದು ಸಲವೂ ಬರೆದಿರಲಿಲ್ಲ. ಊರಿಗೆ ಬಂದವಳೇ ನೋಟ್‌ಬುಕ್ ತೆಗೆದು ಪ್ರತಿ ರೆಸಿಪಿಯ ಕೆಳಗೂ ಒಂದು ಗೆರೆ ಎಳೆದು "ಉಳಿದದ್ದಕ್ಕೆ" ಅಂತ ಬರೆದೆ. ಆ ಜಾಗ ತುಂಬದೆ ಈಗ ಯಾರಿಗೂ ರೆಸಿಪಿ ಕೊಡುವುದಿಲ್ಲ.

ಅರ್ಧ ಟಿನ್ ಕಂಡೆನ್ಸ್ಡ್ ಮಿಲ್ಕ್ ಸುಲಭ. ಮೊದಲು ಅದನ್ನು ಟಿನ್ನಿಂದ ತೆಗೆದು ಗಾಜಿನ ಬಾಟಲಿಗೆ ಹಾಕಿಡಿ. ಆಮೇಲೆ ಕಾಯಿತುರಿ ಜೊತೆ ಬಾಣಲೆಗೆ ಹಾಕಿ ಕೈಯಾಡಿಸಿದರೆ ಹತ್ತು ನಿಮಿಷದಲ್ಲಿ ದಿಲ್‌ಪಸಂದ್‌ಗೆ ಹೂರಣ ಸಿದ್ಧ. ಬಾಯಿ ತೆರೆದ ಟೂಟಿ ಫ್ರೂಟಿಯೂ ಅಲ್ಲೇ ಮುಗಿಯುತ್ತದೆ. ಹಬ್ಬ, ಪೂಜೆ ಆದಮೇಲೆ ಮನೆಯಲ್ಲಿ ಒಡೆದ ತೆಂಗಿನಕಾಯಿ ಹೋಳು ಹೇಗೂ ಇದ್ದೇ ಇರುತ್ತವೆ, ಅಲ್ವಾ? ಒಂದು ಮಾತು ಮಾತ್ರ ನೆನಪಿಡಿ. ಕಾಯಿಯ ಹಸಿ ನೀರು ಆರುವ ತನಕ ಹುರಿಯಲೇಬೇಕು. ಹಾಗೇ ತುಂಬಿದರೆ ಕೆಳಗಿನ ಪದರ ಬೇಯದೆ ಹಿಟ್ಟುಹಿಟ್ಟಾಗಿ ಉಳಿಯುತ್ತದೆ.

ಕ್ರೀಮನ್ನು ಬನ್ನಿನ ಹಿಟ್ಟಿಗೆ ಹಾಲಿನ ಬದಲು ಹಾಕಿ, ಬೆಣ್ಣೆ ಸ್ವಲ್ಪ ಕಡಿಮೆ ಮಾಡಿ. ಬನ್ ಮೆತ್ತಗೆ ಬರುತ್ತದೆ. ಈಸ್ಟ್ ಗಾಳಿಯಾಡದ ಪುಟ್ಟ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿರಲಿ. ಹಳೆಯದಾಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ ಹಾಕಿ ಅದರಲ್ಲಿ ಕದಡಿ. ಹತ್ತು ನಿಮಿಷಕ್ಕೆ ನೊರೆ ಬಂದರೆ ಜೀವ ಇದೆ, ಬರದಿದ್ದರೆ ಇಲ್ಲ. ಅದನ್ನು ನಂಬಿ ಅರ್ಧ ಕೆಜಿ ಮೈದಾ ಹಾಳು ಮಾಡಬೇಡಿ.

ಇವೆಲ್ಲ ಅಂಗಡಿಯಿಂದ ತಂದು ಉಳಿದವು. ನನಗೆ ಜಾಸ್ತಿ ಇಷ್ಟ ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಉಳಿಯುವವು. ಅದರಲ್ಲೂ ತುಪ್ಪದ ಗಸಿ.

ನಾವು ಹಾಸನದ ಕಡೆಯವರು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಎಷ್ಟೋ ಮನೆತನಗಳ ಬೇರು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿದೆ. ನಾವು ಬೇಕರಿಯವರಲ್ಲ, ಆದರೆ ಖಾರಾ ಬಿಸ್ಕತ್ತಿನ ಹುಚ್ಚು ನಮ್ಮ ಮನೆಯಲ್ಲೂ ಇದೆ. ಹದಿನೈದು ದಿನದ ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆದು ತುಪ್ಪ ಕಾಸುತ್ತೇನೆ. ಇಳಿಸುವ ಮುಂಚೆ ಒಂದು ಹಿಡಿ ನುಗ್ಗೆಸೊಪ್ಪು. ಚಟಪಟ ಸದ್ದು ನಿಂತ ಮೇಲೆ ಸೋಸಿದರೆ ಜರಡಿಯಲ್ಲಿ ಕಂದು ಬಣ್ಣದ ಮರಳು ಮರಳಾದ ಗಸಿ, ನಡುವೆ ಗರಿಗರಿ ಸೊಪ್ಪು. ಚಿಕ್ಕವರಿದ್ದಾಗ ಅದಕ್ಕೆ ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದೆವು. ಅದು ಹಾಲಿನ ಸಾರವೇ. ಬೆಣ್ಣೆಯಲ್ಲಿದ್ದ ಹಾಲಿನ ಅಂಶ ಬಿಸಿಗೆ ಕೆಂಪಗೆ ಹುರಿದು ತಳ ಸೇರಿರುತ್ತದೆ. ಬರೀ ತುಪ್ಪಕ್ಕೆ ಇರದ ಹುರಿದ ಘಮ ಅದಕ್ಕಿರುತ್ತದೆ.

ಈಗ ಅದರಿಂದ ಖಾರಾ ಬಿಸ್ಕತ್ ಮಾಡುತ್ತೇನೆ. 100 ಗ್ರಾಂ ಮೈದಾ, 100 ಗ್ರಾಂ ಗೋಧಿಹಿಟ್ಟು, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಮುಕ್ಕಾಲು ಚಮಚ ಉಪ್ಪು, 20 ಗ್ರಾಂ ಸಕ್ಕರೆ ಪುಡಿ. ಎರಡು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸಣ್ಣಗೆ ಹೆಚ್ಚಿ ಹಾಕಿ. 40 ಗ್ರಾಂ ಗಸಿ ಸೊಪ್ಪಿನ ಸಮೇತ, 70 ಗ್ರಾಂ ಗಟ್ಟಿ ತುಪ್ಪ. ಬೆರಳ ತುದಿಯಲ್ಲಿ ಉಜ್ಜುತ್ತಾ ಹೋಗಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬಿಟ್ಟರೆ ಒಡೆಯಬೇಕು, ಅದೇ ಹದ. ಆಮೇಲೆ ಬೆಣ್ಣೆ ತೆಗೆದ ಮಜ್ಜಿಗೆಯನ್ನೇ ಎರಡು ಮೂರು ಚಮಚ ಚಿಮುಕಿಸಿ ಒಟ್ಟು ಮಾಡಿ. ನಾದಬೇಡಿ, ನಾದಿದರೆ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು, ಕಾಲು ಇಂಚು ದಪ್ಪ ಲಟ್ಟಿಸಿ, ಕತ್ತರಿಸಿ, 170 ಡಿಗ್ರಿಯಲ್ಲಿ ಹದಿನೆಂಟು ನಿಮಿಷ. ಹದಿನೈದನೇ ನಿಮಿಷದಿಂದ ಒಲೆ ಬಿಟ್ಟು ಅಲ್ಲಾಡಬೇಡಿ. ಗಸಿ ಒಮ್ಮೆ ಹುರಿದದ್ದೇ ಆದ್ದರಿಂದ ಅಂಚು ಬೇಗ ಕಪ್ಪಾಗುತ್ತದೆ. ಮೊದಲ ಸಲ ನನ್ನ ಒಂದು ತಟ್ಟೆ ಪೂರ್ತಿ ಕಹಿಯಾಗಿ ಹೋಯಿತು.

ಗ್ರಾಂ ಲೆಕ್ಕ ನೋಡಿ ಕೆಲವರು ಮುಖ ಸಿಂಡರಿಸುತ್ತಾರೆ. ಅಮ್ಮ ಕಣ್ಣಳತೆಯಲ್ಲೇ ಮಾಡುತ್ತಿದ್ದರಲ್ಲ ಅಂತ. ನಿಜ, ಆದರೆ ಅಮ್ಮನ ಕಣ್ಣು ಅಮ್ಮನ ಹತ್ತಿರ ಇತ್ತು. ನಾನೂ ಮೊದಲು ಕಪ್ ಲೆಕ್ಕವನ್ನೇ ಕೊಡುತ್ತಿದ್ದೆ. ಎದುರುಮನೆಯವರು ನನ್ನ ಬಾಳೆಹಣ್ಣಿನ ಕೇಕ್ ಮಾಡಿದರು, ಮಧ್ಯದಲ್ಲಿ ಹಸಿಯಾಗಿ ಕುಸಿಯಿತು. ಮಗಳ ಹುಟ್ಟುಹಬ್ಬಕ್ಕೆ ಮಾಡಿದ್ದರು ಪಾಪ. ಹೋಗಿ ನೋಡಿದರೆ ಹಿಟ್ಟಿಗೆ ಒಂದು ಕಪ್, ಮೊಸರಿಗೆ ಅದರ ಒಂದೂವರೆಯಷ್ಟು ದೊಡ್ಡ ಇನ್ನೊಂದು ಕಪ್. ಅವರ ತಪ್ಪೇನಿಲ್ಲ, ಕಪ್ ಅಂತ ಬರೆದದ್ದು ನಾನು. ಅವತ್ತೇ ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ತಂದೆ. ಮಿಕ್ಕ ಸಾಮಾನು ಬಳಸುವಾಗ ಅದು ಇನ್ನೂ ಮುಖ್ಯ. ಆರು ಏಲಕ್ಕಿ ಬಾಳೆಹಣ್ಣು ಅಂದರೆ ಒಂದು ಗೊನೆಯಲ್ಲಿ ಒಂದು ತೂಕ, ಇನ್ನೊಂದರಲ್ಲಿ ಇನ್ನೊಂದು.

ಆ ಕೇಕಿನ ಈಗಿನ ಲೆಕ್ಕ ಹೀಗಿದೆ. ಪೂಜೆಗೆ ಬಂದು ಸಿಪ್ಪೆ ಕಪ್ಪಾದ ಬಾಳೆಹಣ್ಣು, ಸಿಪ್ಪೆ ತೆಗೆದು 250 ಗ್ರಾಂ. ಗೋಧಿಹಿಟ್ಟು 200, ಬೆಲ್ಲದ ಪುಡಿ 100, ಹುಳಿ ಮೊಸರು 60 ಗ್ರಾಂ, ಎಣ್ಣೆ 80 ಮಿ.ಲೀ., ಅರ್ಧ ಚಮಚ ಅಡುಗೆ ಸೋಡಾ, ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ. 180 ಡಿಗ್ರಿಯಲ್ಲಿ 40 ರಿಂದ 45 ನಿಮಿಷ. ಸೋಡಾ ಉಬ್ಬಲು ಹುಳಿ ಬೇಕು, ಅದಕ್ಕೇ ಹುಳಿ ಮೊಸರು. ಊಟಕ್ಕೆ ಆಗದ ಮೊಸರು ಇಲ್ಲಿ ಸಿಹಿ ಮೊಸರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹುಳಿ ಸಾಲದೆ ಸೋಡಾ ಜಾಸ್ತಿಯಾದರೆ ಮಾತ್ರ ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ. ಓವನ್ ಇಲ್ಲದವರು ಕುಕ್ಕರ್‌ನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಒಂದು ಲೋಟ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು ಮಾಡಿ. ನೀರು ಹಾಕಬಾರದು. ಹತ್ತು ನಿಮಿಷ ಕಾಯಿಸಿ, ಆಮೇಲೆ ಸಣ್ಣ ಉರಿ.

ಪನೀರ್ ಒಡೆದ ನೀರನ್ನೂ ಚೆಲ್ಲಬೇಡಿ. ಒಂದು ಲೀಟರ್ ಹಾಲಿಗೆ ಮುಕ್ಕಾಲು ಲೀಟರ್ ಹತ್ತಿರ ನೀರೇ ಬರುತ್ತದೆ. ಬ್ರೆಡ್ ಕಲಸಲು ಅದೇ ಸಾಕು. ಆರಿಸಿ ಹಾಕಿ, ಬಿಸಿ ಇದ್ದರೆ ಈಸ್ಟ್ ಸಾಯುತ್ತದೆ. ಅದರಲ್ಲಿ ಹಾಲಿನ ಸಕ್ಕರೆ ಇರುವುದರಿಂದ ಮೇಲ್ಪದರ ಬೇಗ ಕೆಂಪಾಗುತ್ತದೆ, ಗಾಬರಿ ಬೇಡ. ಒಣಗಿದ ಬನ್ ಹೋಳುಗಳನ್ನು 150 ಡಿಗ್ರಿಯಲ್ಲಿ ಅರ್ಧ ಗಂಟೆ, ನಡುವೆ ಮಗುಚಿಟ್ಟರೆ ರಸ್ಕ್.

ಆದರೆ ಎಲ್ಲವನ್ನೂ ಉಳಿಸಲೇಬೇಕು ಅಂತ ಹಟ ಬೇಡ. ಬೂಷ್ಟು ಬಂದ ಬ್ರೆಡ್ಡಿನ ಆ ತುಂಡನ್ನಷ್ಟೇ ಕಿತ್ತು ಉಳಿದದ್ದನ್ನು ಬಳಸುವವರಿದ್ದಾರೆ. ಬೂಷ್ಟಿನ ಎಳೆ ಕಣ್ಣಿಗೆ ಕಾಣದ ಹಾಗೆ ಒಳಗೂ ಹರಡಿರುತ್ತದೆ. ಕಮಟು ವಾಸನೆಯ ಗೋಡಂಬಿ, ಹಳೆ ಹಿಟ್ಟು ಕೂಡ ಅಷ್ಟೇ. ಎಷ್ಟು ಏಲಕ್ಕಿ ಹಾಕಿದರೂ ಆ ಕಮಟು ಹೋಗುವುದಿಲ್ಲ.

ಹೋದ ತಿಂಗಳು ತಂಗಿ ಫೋನ್ ಮಾಡಿದ್ದಳು. ಯಾರೋ ಕೊಟ್ಟ ಪೇಡ ಕಲ್ಲಾಗಿ ಹೋಗಿತ್ತಂತೆ. ಧಾರವಾಡದಲ್ಲಿ ಪೇಡಕ್ಕೇನು ಬರ! ಸುಮ್ನೆ ಬಿಸಾಡುವುದು ಯಾಕೆ ಅಂತ ಕಾಯಿ ತುರಿಯುವ ಹಾಗೆ ತುರಿದು ನಾನ್‌ಖಟಾಯಿಗೆ ಹಾಕಿದ್ದಾಳೆ. 150 ಗ್ರಾಂ ಮೈದಾಗೆ 80 ಗ್ರಾಂ ಪೇಡ, 90 ಗ್ರಾಂ ತುಪ್ಪ. ಭಾನುವಾರ ನಾನೂ ಮಾಡಿದೆ. ಕೆಂಪಗೆ ಹುರಿದ ಹಾಲಿನ ರುಚಿ, ನಡುನಡುವೆ ಹರಳು ಹರಳಾಗಿ. ಪೇಡದಲ್ಲೇ ಸಿಹಿ ಇರುವುದರಿಂದ ಅವಳು ಹೇಳಿದ 60 ಗ್ರಾಂ ಸಕ್ಕರೆ ನನಗೆ ಜಾಸ್ತಿ ಅನ್ನಿಸಿತು. 40 ಸಾಕು ಅಂತ ಪಕ್ಕದಲ್ಲಿ ಬರೆದು ವಾಪಸ್ ಕಳಿಸಿದ್ದೇನೆ. ಅವಳ ರೆಸಿಪಿಯ ಕೆಳಗೂ ಒಂದು ಗೆರೆ ಎಳೆದಿದ್ದಳು. ಉಳಿದದ್ದಕ್ಕೆ: ಏನೂ ಉಳಿಯಲಿಲ್ಲ.