ವಚನದಾಗ ಶಬ್ದ ಹುಡುಕೋ ಸರ್ಕ್ಯೂಟ್ ಎಫ್‌ಪಿಜಿಎ ಮ್ಯಾಲ ಕಟ್ಟೋದು ಹೆಂಗ

ನಮ್ಮ ಬಾಗಲಕೋಟೆ ವಿಜಯಪುರ ಕಡೆ ಇಂಜಿನಿಯರಿಂಗ್ ಹುಡುಗ್ರು ಫೈನಲ್ ಇಯರ್ ಪ್ರಾಜೆಕ್ಟಿಗೆ ಎಫ್‌ಪಿಜಿಎ ಬೋರ್ಡ್ (ಒಳಗಿನ ಸರ್ಕ್ಯೂಟ್ ನಾವ ಬೇಕಾದಂಗ ಕಟ್ಟಿಕೊಳ್ಳೋ ಚಿಪ್ ಇರೋ ಬೋರ್ಡ್) ಸಿಕ್ರ ಟ್ರಾಫಿಕ್ ಲೈಟ್ ಕಂಟ್ರೋಲರ್ ಮಾಡಿ ಕೈ ತೊಳ್ಕೋತಾರ, ನಂಗ ಭಾಳ ಬ್ಯಾಸರ ಆಗ್ತೈತಿ ಯಾಕಂದ್ರ ಅದೇ ಬೋರ್ಡಿನ್ಯಾಗ ಖರೇ ಹುಡುಕೋ ಮಷಿನ್ ಕಟ್ಟಬಹುದು. ಡೇಟಾಕ್ಕ ವಚನ ತಗೋರಿ. ಫ.ಗು. ಹಳಕಟ್ಟಿಯವರು ವಿಜಯಪುರದಾಗ ಇದ್ದು ತಾಳೆಗರಿ ಕೂಡಿಸಿ ಉಳಿಸಿಕೊಟ್ಟಿದ್ದು, ನಮಗ ಅದಕ್ಕಿಂತ ಹತ್ತಿರದ ಡೇಟಾ ಇನ್ನ್ಯಾವುದೈತಿ.

ಬೋರ್ಡ್ ಯಾವುದು ಅಂದ್ರ ಆರ್ಟಿಕ್ಸ್-7 35ಟಿ ಚಿಪ್ ಇರೋ ಬೇಸಿಸ್ 3 ಸಾಕು, ಸರ್ಕ್ಯೂಟ್ ಕಟ್ಟಿಕೊಡೋ ಸಾಫ್ಟ್‌ವೇರ್ ವಿವಾಡೋದ ಫ್ರೀ ವರ್ಶನ್ ನಡೀತೈತಿ. ಒಳಗ 50 ಬ್ಲಾಕ್ ರ‍್ಯಾಮ್ (ಚಿಪ್ಪಿನೊಳಗಿನ ಮೆಮೊರಿ ತುಣುಕು) ಅದಾವು, ತಪ್ಪು ಹಿಡಿಯೋ ಪ್ಯಾರಿಟಿ ಜಾಗ ಬಿಟ್ರ ಸುಮಾರು 200 ಕೆಬಿ ಡೇಟಾ ಹಿಡೀತೈತಿ, ಗಡಿಯಾರ (ಕ್ಲಾಕ್) 100 ಮೆಗಾಹರ್ಟ್ಸ್, ಅಂದ್ರ ಸೆಕೆಂಡಿಗೆ 10 ಕೋಟಿ ಬಡಿತ.

ಮೊದಲ ಕೆಲಸ ವೆರಿಲಾಗ್ (ಸರ್ಕ್ಯೂಟ್ ಬರಿಯೋ ಭಾಷೆ) ಅಲ್ಲ, ಅಕ್ಷರ. ಕಂಪ್ಯೂಟರ್ ಅಕ್ಷರ ಬರದಿಡೋ ಪದ್ಧತಿ ಯುಟಿಎಫ್-8 ಒಳಗ ಕನ್ನಡದ ಒಂದೊಂದು ಕೋಡ್‌ಗೆ (ಕ, ಕೊಂಬು, ಸೊನ್ನೆ ಒಂದೊಂದೂ ಒಂದ ಕೋಡ್, ಮುಂದ ಅಕ್ಷರ ಅಂದ್ರೂ ಇದ) 3 ಬೈಟ್ ಹೋಗ್ತೈತಿ, ಮೊದಲ ಬೈಟ್ ಯಾವಾಗ್ಲೂ 224, ಎರಡನೇದು 178 ಇಲ್ಲಾ 179, ಮೂರನೇದು 128ರಿಂದ 191. ಅಂದ್ರ ಖರೇ ಮಾಹಿತಿ ಇರೋದು ಎರಡನೇ ಬೈಟಿನ ಕೊನೇ 1 ಬಿಟ್ ಮತ್ತ ಮೂರನೇ ಬೈಟಿನ ಕೊನೇ 6 ಬಿಟ್, ಒಟ್ಟು 7. ಎಂಟನೇ ಬಿಟ್ಟಿಗೆ ಕನ್ನಡ ಇದ್ರ 1, ಸ್ಪೇಸ್ ಕಾಮಾ ಇಂಥಾವಕ್ಕ 0 ಹಾಕ್ರಿ, ಎಲ್ಲಾ ಒಂದೊಂದ ಬೈಟಿಗೆ ಕುಂತು ಬಿಡ್ತೈತಿ. "ಕೂಡಲಸಂಗಮ" 24 ಬೈಟ್ ಇದ್ದದ್ದು 8 ಆಗ್ತೈತಿ, ಮೆಮೊರಿ ಮೂರರಾಗ ಒಂದು ಪಾಲು, ಕಂಪೇರ್ ಮಾಡೋ ಸರ್ಕ್ಯೂಟೂ ಅಷ್ಟ. ಇದನ್ನ ಪೈಥಾನ್‌ನ್ಯಾಗ ಕಂಪ್ಯೂಟರ್ ಕಡೆನ ಮಾಡಿ ಕಳಸ್ರಿ.

ಅದಕ್ಕೂ ಮುಂಚೆ ಎನ್‌ಎಫ್‌ಸಿ ನಾರ್ಮಲೈಸೇಶನ್ (ಒಂದ ಅಕ್ಷರದ ಬ್ಯಾರೆ ಬ್ಯಾರೆ ಕೋಡ್ ಬರಹಾನ ಒಂದ ರೂಪಕ್ಕ ತರೋದು) ಮಾಡೋದು ಮರೀಬ್ಯಾಡ್ರಿ. ಏತ್ವದ ದೀರ್ಘ ಒಂದ ಕೋಡ್ ಆಗೂ ಬರ್ತೈತಿ, ಎತ್ವ ಮತ್ತ ದೀರ್ಘದ ಗುರುತು ಬ್ಯಾರೆ ಬ್ಯಾರೆ ಎರಡು ಕೋಡ್ ಆಗೂ ಬರ್ತೈತಿ, ಕಣ್ಣಿಗೆ ಎರಡೂ ಒಂದ. ಹಳೆ ಫಾಂಟಿನಿಂದ ತಿರುವಿದ ಫೈಲ್ ಒಳಗ "ಗುಹೇಶ್ವರ" ಸಿಗವಲ್ದು ಅಂತ ನಾ ಎರಡು ದಿನ ಸರ್ಕ್ಯೂಟ್ ಬೈದೀನಿ, ತಪ್ಪು ಇದ್ದದ್ದು ಇಲ್ಲೆ. ಕಣ್ಣಿಗೆ ಕಾಣದ ಜಾಯ್ನರ್ ಕೋಡ್‌ಗಳನ್ನೂ ತಗದು ಹಾಕ್ರಿ.

ಸರ್ಕ್ಯೂಟ್ ಸರಳ ಐತಿ. 8 ಬೈಟಿನ ಒಂದು ಶಿಫ್ಟ್ ರಿಜಿಸ್ಟರ್ (ಪ್ರತಿ ಸಲ ಒಂದೊಂದ ಜಾಗ ಮುಂದ ಸರಿಯೋ ಸಾಲು), ಪ್ರತಿ ಕ್ಲಾಕ್‌ಗೆ ಒಂದು ಅಕ್ಷರ ಒಳಗ ಬರ್ತೈತಿ, ಹುಡುಕೋ ಶಬ್ದ ಬ್ಯಾರೆ 8 ರಿಜಿಸ್ಟರಿನ್ಯಾಗ ಇರ್ತೈತಿ, ಎಂಟೂ ಜೋಡಿ ಒಂದ ಸಲಕ್ಕ ಕಂಪೇರ್ ಆಗಿ ಎಲ್ಲಾ ಕೂಡಿದ್ರ ಹಿಟ್. ಪ್ರೊಸೆಸರ್ ಒಂದಾದ ಮ್ಯಾಲ ಒಂದು ಇನ್‌ಸ್ಟ್ರಕ್ಷನ್ ಓದ್ಕೊಂತ ಹೋಗ್ತೈತಿ, ಇಲ್ಲಿ 20 ಶಬ್ದ ಹುಡುಕಬೇಕಂದ್ರ ಇದನ್ನ 20 ಸಲ ಪಕ್ಕಪಕ್ಕ ಇಟ್ರಾತು, ಜಾಗ ಹೆಚ್ಚಾಗ್ತೈತಿ, ಟೈಮ್ ಆಗಂಗಿಲ್ಲ. ಹೋಲಿಕೆ ಆದ ಮ್ಯಾಲ ಒಂದು ರಿಜಿಸ್ಟರ್ ಹಂತ ಇಡ್ರಿ, ಟೈಮಿಂಗ್ ಕೂಡ್ತೈತಿ, ಅಂದ್ರ ಒಂದು ಕ್ಲಾಕಿನ ಕೆಲಸ ಆ ಕ್ಲಾಕಿನ್ಯಾಗ ಮುಗೀತೈತಿ.

ಶಬ್ದವನ್ನ ವೆರಿಲಾಗ್ ಕೋಡಿನ್ಯಾಗ ಗಟ್ಟಿಯಾಗಿ ಬರೀಬ್ಯಾಡ್ರಿ, ಬರದ್ರ ಪ್ರತಿ ಸಲ ಚಿಪ್ಪಿಗೆ ಹಾಕೋ ಸರ್ಕ್ಯೂಟ್ ಫೈಲ್ ಅಂದ್ರ ಬಿಟ್‌ಸ್ಟ್ರೀಮ್ ಹೊಸದಾಗಿ ಕಟ್ಟಬೇಕು, ನಿಮಿಷಗಟ್ಲೆ ಕಾಯಬೇಕು. ರಿಜಿಸ್ಟರಿಗೆ ಕಂಪ್ಯೂಟರಿನಿಂದ ಒಂದೊಂದ ಬಿಟ್ ಕಳಿಸೋ ಸೀರಿಯಲ್ ದಾರಿ ಯುಆರ್ಟ್‌ನಿಂದ ತುಂಬ್ರಿ. ಜೊತಿಗೆ ಒಂದೊಂದು ಜಾಗಕ್ಕ ಒಂದು ಮಾಸ್ಕ್ ಬಿಟ್ (ಆ ಜಾಗ ನೋಡಬ್ಯಾಡ ಅಂತ ಹೇಳೋದು) ಕೊಡ್ರಿ, ಎಂಟನೇ ಅಕ್ಷರ ಮುಚ್ಚಿ "ಕೂಡಲಸಂಗ" ಅಂತ ಹುಡುಕಿದ್ರ ಕೂಡಲಸಂಗಮದೇವಾನೂ ಸಿಗ್ತೈತಿ, ಕೂಡಲಸಂಗಯ್ಯಾನೂ ಸಿಗ್ತೈತಿ. ಕನ್ನಡದಾಗ ಪ್ರತ್ಯಯ ಅಂಟಿಕೊಂಡ ಬರ್ತಾವು, ಮಾಸ್ಕ್ ಇಲ್ದ ಹುಡುಕಾಟ ಅರ್ಧಾ ಹುಡುಕಾಟ.

ಈಗ ಎಲ್ಲಾರೂ ಎಡವೋ ಜಾಗ. 2 ಲಕ್ಷ ಅಕ್ಷರ 100 ಮೆಗಾಹರ್ಟ್ಸ್‌ಗೆ 2 ಮಿಲಿಸೆಕೆಂಡ್‌ನ್ಯಾಗ ಹುಡುಕಿ ಮುಗೀತೈತಿ. ಆದ್ರ ಅಷ್ಟ ಅಕ್ಷರ 1,15,200 ಬಾಡ್ ಯುಆರ್ಟ್ ಮ್ಯಾಲ ಕಳಿಸಾಕ, ಸೆಕೆಂಡಿಗೆ 11,520 ಬೈಟ್ ಲೆಕ್ಕಕ್ಕ, 17 ಸೆಕೆಂಡ್ ಮ್ಯಾಲ ಬೇಕು! ಪ್ರತಿ ಹುಡುಕಾಟಕ್ಕೂ ಡೇಟಾ ಕಳಿಸಿದ್ರ ನಿಮ್ಮ ಲ್ಯಾಪ್‌ಟಾಪಿನ ಪೈಥಾನೇ ಗೆಲ್ತೈತಿ. ಡೇಟಾ ಒಮ್ಮೆ ಬ್ಲಾಕ್ ರ‍್ಯಾಮ್‌ನ್ಯಾಗ ತುಂಬ್ರಿ, ಅಲ್ಲೇ ಇರಲಿ, ಆ ಕಡೆ ಈ ಕಡೆ ಹೋಗೋದು ಶಬ್ದ ಮತ್ತ ಹಿಟ್ ಆದ ಜಾಗದ ನಂಬರ್ ಅಷ್ಟ. ಮೈಕ್ರೋಸಾಫ್ಟ್‌ನವರು 2014ರಾಗ ತಮ್ಮ ಬಿಂಗ್ ಸರ್ಚ್‌ನ ರ‍್ಯಾಂಕಿಂಗ್ ಕೆಲಸಾನ 1,632 ಸರ್ವರ್‌ಗಳ ಮ್ಯಾಲ ಎಫ್‌ಪಿಜಿಎ ಹಾಕಿ ಪರೀಕ್ಷೆ ಮಾಡಿ ತೋರಿಸಿದ್ರು, ಅಲ್ಲೂ ಸರ್ವರ್ ಒಳಗನ ಕಾರ್ಡ್ ಇಟ್ಟಿದ್ರು, ದೂರ ಅಲ್ಲ.

ಬೋರ್ಡಿಗೆ ಹಾಕೋಕಿಂತ ಮುಂಚೆ ಕಂಪ್ಯೂಟರ್ ಮ್ಯಾಲ ಸರ್ಕ್ಯೂಟ್ ಅನುಕರಿಸೋ ಐಕಾರಸ್ ವೆರಿಲಾಗ್‌ನ್ಯಾಗ ಓಡಿಸಿ ಸಿಗ್ನಲ್ ಅಲೆ ತೋರಿಸೋ ಜಿಟಿಕೆವೇವ್‌ನ್ಯಾಗ ನೋಡ್ರಿ. ಬ್ಲಾಕ್ ರ‍್ಯಾಮ್ ವಿಳಾಸ ಕೊಟ್ಟ ಒಂದು ಕ್ಲಾಕ್ ಆದ ಮ್ಯಾಲ ಡೇಟಾ ಕೊಡ್ತೈತಿ, ಡೇಟಾ ಬಂತು ಅಂತ ಹೇಳೋ ವ್ಯಾಲಿಡ್ ಸಿಗ್ನಲ್ಲೂ ಅಷ್ಟ ತಡ ಮಾಡ್ರಿ, ಇಲ್ಲಂದ್ರ ನಂಬರ್ ಎಲ್ಲಾ ಒಂದ್ಒಂದು ಜರೀತಾವು. ಹಿಟ್ ಬರೋದು ಶಬ್ದದ ಕೊನೇ ಅಕ್ಷರಕ್ಕ, ಶುರು ಜಾಗ ಬೇಕಂದ್ರ 7 ಕಳೀರಿ, ನಡುವಿನ ರಿಜಿಸ್ಟರ್ ಹಂತಗಳ ತಡಾನೂ ಲೆಕ್ಕಕ್ಕ ಹಿಡೀರಿ. ಪೈಥಾನ್ ಕೊಟ್ಟ ಜಾಗದ ಪಟ್ಟಿ ಮತ್ತ ಬೋರ್ಡ್ ಕೊಟ್ಟ ಪಟ್ಟಿ ಸಾಲಿಗೆ ಸಾಲು ಕೂಡಿದ್ರ, ಬಿಟ್‌ಸ್ಟ್ರೀಮ್ ಮುಟ್ಟದಂಗ ಶಬ್ದ ಬದಲಿ ಮಾಡಿ "ಗುಹೇಶ್ವರ" ಹಾಕಿ ನೋಡ್ರಿ, ಅದೂ ಸರಿಯಾಗಿ 8 ಕೋಡ್ ಐತಿ.