ಬೂತಾಯಿ, ಬೈಗೆ, ತಾರ್ಲೆ, ಮತ್ತಿ: ಮೀನಿನ ಲೆಕ್ಕ ಕೊನೆಗೂ ತಾಳೆಯಾದದ್ದು

ಮಲ್ಪೆಯಲ್ಲಿ ಎರಡು ಟ್ರಾಲ್ ಬೋಟು, ಒಂದು ಪರ್ಸಿನ್ ಬೋಟು, ಹೀಗೆ ಮೂರು ಮೀನುಗಾರಿಕೆ ಬೋಟುಗಳ ಲೆಕ್ಕ ಬರೆಯುವವನು ನಾನು. ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ನಮ್ಮನ್ನು ರೈಟರ್ ಅಂತಾರೆ. ಒಂದು ಸೀಸನ್ನಿಗೆ ಹೆಚ್ಚುಕಡಿಮೆ ಒಂಬತ್ತು ಸಾವಿರ ಸಾಲು ಎಕ್ಸೆಲ್ಲಿಗೆ ಬೀಳುತ್ತವೆ. ತಾರೀಕು, ಬೋಟು, ಮೀನು, ಕೆಜಿ, ದರ, ಪಾರ್ಟಿ (ಮೀನು ಕೊಂಡವರು). ನಮ್ಮ ಧಣಿಗಳು ಕೇಳುವುದು ಒಂದೇ ಪ್ರಶ್ನೆ. "ಯಾವ ಮೀನಿನಲ್ಲಿ ಎಷ್ಟು ಬಂತು ಮಾರಾಯ್ರೆ?"

ಇದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಎರಡು ಸೀಸನ್ ಹಿಡಿಯಿತು. ಈಗ ಕೇಳಿದ ಎರಡು ನಿಮಿಷದಲ್ಲಿ ಪ್ರಿಂಟು ಕೊಡುತ್ತೇನೆ. ಧಣಿಗಳ ಭಾವ ಮಾತ್ರ ಮೊದಲಿನಿಂದಲೂ "ಇದೆಲ್ಲ ಎಕ್ಸೆಲ್ಲಿನಲ್ಲಿ ಆಗುವ ಕೆಲಸ ಅಲ್ಲ, ಒಂದು ಸಾಫ್ಟ್‌ವೇರ್ ಹಾಕಿಸಿ" ಅಂತಿದ್ದರು. ಒಬ್ಬರು ಬಂದು 65 ಸಾವಿರ ಹೇಳಿದರು, ಮೇಲೆ ವರ್ಷ ವರ್ಷ ಬೇರೆ. ಅವರ ಸಾಫ್ಟ್‌ವೇರಿನಲ್ಲಿ ಮೀನಿನ ಹೆಸರು ಪಟ್ಟಿಯಿಂದಲೇ ಆರಿಸಬೇಕು. ಬೆಳಗ್ಗಿನ ಐದು ಗಂಟೆಗೆ, ಏಲಂ ನಡೆಯುವಾಗ, ಒದ್ದೆ ಕೈಯಲ್ಲಿ ಪಟ್ಟಿಯಿಂದ ಆರಿಸುವವರು ಯಾರು? ಅಲ್ಲೇ ಅದು ಬಿದ್ದುಹೋಯಿತು.

ನಮ್ಮ ಕಷ್ಟ ಹೆಸರಿನದ್ದು. ನಾನು ಬೂತಾಯಿ ಅಂತ ಬರೆಯುತ್ತೇನೆ. ಕುಂದಾಪುರ ಕಡೆಯ ತಂಡೇಲರು (ಬೋಟು ನಡೆಸುವವರು) ಬೈಗೆ ಅಂತ ಕಳಿಸುತ್ತಾರೆ. ಇನ್ನೊಂದು ಬೋಟಿನವರು ಕೊಂಕಣಿ, ಅವರಿಗೆ ಅದು ತಾರ್ಲೆ. ಕೇರಳದ ಪಾರ್ಟಿಯ ಬಿಲ್ಲಿನಲ್ಲಿ ಮತ್ತಿ. ನಾಲ್ಕೂ ಒಂದೇ ಮೀನು, ಎಕ್ಸೆಲ್ಲಿಗೆ ನಾಲ್ಕು ಮೀನು. ಸಿಗಡಿಯದ್ದೂ ಹಾಗೆಯೇ: ಎಟ್ಟಿ, ಚಟ್ಲಿ, ಸುಂಗ್ಟಾ.

ಮೊದಲ ವರ್ಷ ಸಮ್‌ಇಫ್ ಹಾಕಿದೆ, ಹೇಳಿದ ಹೆಸರಿನ ಸಾಲುಗಳನ್ನು ಮಾತ್ರ ಕೂಡಿಸುವ ಸೂತ್ರ. ಹನ್ನೆರಡು ಮೀನಿಗೆ ಹನ್ನೆರಡು ಸಾಲು. ಚೆಂದ ಕಂಡಿತು. ಒಟ್ಟು ಮೊತ್ತದ ಜತೆ ತಾಳೆ ನೋಡಿದರೆ 1.8 ಲಕ್ಷ ಎಲ್ಲೋ ಮಾಯ. ನಾನು ಬರೆದ ಹನ್ನೆರಡು ಹೆಸರಲ್ಲಿ ಇಲ್ಲದ್ದು ಯಾವುದಕ್ಕೂ ಸೇರಿರಲಿಲ್ಲ. ಸಮ್‌ಇಫ್ ಬಿಟ್ಟುಹೋದದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದೇ ಅದರ ದೊಡ್ಡ ಕೆಟ್ಟ ಗುಣ. ಆಮೇಲೆ ಜಾಣತನ ಮಾಡಿ ಹೆಸರಿನ ಹಿಂದೆಮುಂದೆ ನಕ್ಷತ್ರ ಚಿಹ್ನೆ ಹಾಕಿದೆ, ಆ ಪದ ಎಲ್ಲಿದ್ದರೂ ಹಿಡಿಯಲಿ ಅಂತ. ಆಗ ಬೊಂಡಾಸ ಅಂತ ಹುಡುಕಿದ್ದಕ್ಕೆ ಕಪ್ಪೆ ಬೊಂಡಾಸವೂ ಸೇರಿತು. ಕಪ್ಪೆ ಬೊಂಡಾಸಕ್ಕೆ ಬೇರೆ ಸಾಲೂ ಇತ್ತು. ಒಂದೇ ಮೀನು ಎರಡು ಸಲ ಮಾರಿದ ಹಾಗಾಯಿತು. ಮೊತ್ತ ಈ ಸಲ ಜಾಸ್ತಿ ಬಂತು. ಕಡಿಮೆ ಬಂದಾಗ ಬೈದವರು ಜಾಸ್ತಿ ಬಂದಾಗ ಖುಷಿಪಟ್ಟರು, ಎರಡು ದಿನ.

ಸಬ್‌ಟೋಟಲ್ಲೂ ಪ್ರಯತ್ನಿಸಿದೆ. ಕೆಳಗೆ ಅಭ್ಯಾಸಬಲದಿಂದ ನಾನೇ ಒಂದು ಸಮ್ ಎಳೆದೆ, ಉಪಮೊತ್ತಗಳೂ ಸೇರಿ ಎಲ್ಲ ಇಮ್ಮಡಿ. ಅದರ ಬಗ್ಗೆ ಇಷ್ಟು ಸಾಕು.

ಇನ್ನು ಹಳೆ ಫೈಲುಗಳು. ನನಗಿಂತ ಮೊದಲು ಇದ್ದ ರೈಟರ್ ಎಲ್ಲವನ್ನೂ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಹೊಡೆದಿದ್ದರು. ಐದು ವರ್ಷದ ಲೆಕ್ಕ ಹೋಲಿಸಿ ನೋಡೋಣ ಅಂತ ಧಣಿಗಳಿಗೆ ಆಸೆ. ಆ ಫಾಂಟಿನಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ. ಅದರಲ್ಲಿ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಎಕ್ಸೆಲ್ಲಿಗೆ ದೊಡ್ಡದು ಸಣ್ಣದು ಎಂಬ ಭೇದ ಇಲ್ಲ. ಸುಮ್ನೆ ಪರೀಕ್ಷೆಗೆ ಒಂದು ಸೆಲ್ಲಿನಲ್ಲಿ 'ಆಗ', ಪಕ್ಕದಲ್ಲಿ 'ಜಗ' ಹೊಡೆದು ಎರಡೂ ಸಮವಾ ಅಂತ ಕೇಳಿದೆ. ಟ್ರೂ ಅಂತು! ಆ ಮತ್ತು ಜ ಒಳಗೆ ಒಂದೇ ಇಂಗ್ಲಿಷ್ ಅಕ್ಷರದ ದೊಡ್ಡದು, ಸಣ್ಣದು. ಒಂದು ಭಾನುವಾರ ಪೂರ್ತಿ ಇದರಲ್ಲೇ ಆಟ ಆಡಿದೆ, ಮನೆಯಲ್ಲಿ ಬೈಸಿಕೊಂಡೆ. ಕೊನೆಗೆ ಹಳೆಯದ್ದನ್ನೆಲ್ಲ ಯೂನಿಕೋಡಿಗೆ ಬದಲಿಸಿಯೇ ಮುಂದೆ ಹೋದದ್ದು.

ಕೈಗೆ ಹತ್ತಿದ ದಾರಿ ಬಹಳ ಸಾದಾ. ದಕ್ಕೆಯವರು ಹೇಗೆ ಬರೆಯುತ್ತಾರೋ ಹಾಗೇ ಬರೆಯಲಿ, ನಾನು ಮುಟ್ಟುವುದಿಲ್ಲ. ಬೇರೆ ಶೀಟಿನಲ್ಲಿ ಒಂದು ಪಟ್ಟಿ. ಎಡಗಡೆ ಅವರು ಬರೆದ ಹೆಸರು, ಬಲಗಡೆ ನನ್ನ ಹೆಸರು. ಬೈಗೆ ಎದುರು ಬೂತಾಯಿ, ತಾರ್ಲೆ ಎದುರು ಬೂತಾಯಿ, 'ಬುತಾಯಿ' ಅಂತ ತಪ್ಪು ಬರೆದದ್ದರ ಎದುರೂ ಬೂತಾಯಿ. ಮುಖ್ಯ ಶೀಟಿನಲ್ಲಿ ಒಂದು ಹೊಸ ಕಾಲಂ ತೆಗೆದು ವಿಲುಕಪ್ಪಿನಲ್ಲಿ (ಪಟ್ಟಿಯಲ್ಲಿ ಹುಡುಕಿ ಎದುರಿನದ್ದನ್ನು ತರುವ ಸೂತ್ರ) ನನ್ನ ಹೆಸರು ತಂದೆ. ಅದರ ಮೇಲೆ ಪಿವೋಟ್, ಅಂದರೆ ಹೆಸರುವಾರು ಮೊತ್ತ ತಾನೇ ಕೂಡಿಸುವ ಎಕ್ಸೆಲ್ಲಿನ ಕೋಷ್ಟಕ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಆ ಸೆಲ್ಲು ಹಳದಿ ಆಗುತ್ತದೆ, ಮೊತ್ತಕ್ಕೆ 'ನೋಡಬೇಕು' ಎಂಬ ಸಾಲಿನಲ್ಲಿ ಸೇರುತ್ತದೆ. ಏನೂ ಮಾಯ ಆಗುವುದಿಲ್ಲ. ಈಗ ಪಟ್ಟಿಯಲ್ಲಿ 140ರ ಹತ್ತಿರ ಹೆಸರು ಇವೆ, ಬಲಗಡೆ ಬರೀ 31.

ಮೊದಲ ಸಲ ಇದೂ ಕೈಕೊಟ್ಟಿತು. ವಿಲುಕಪ್ಪಿನ ಕೊನೆಯ ಫಾಲ್ಸ್, ಅಂದರೆ ಹೆಸರು ಪೂರ್ತಿ ಹೊಂದಬೇಕು ಎಂಬ ಆದೇಶ, ಬರೆಯಲು ಮರೆತೆ. ನಿಮಗೆ ಗೊತ್ತಲ್ವಾ, ಆಮೇಲೆ ಅದು ತನಗೆ ತೋಚಿದ ಸಾಲಿಗೆ ಹೋಗಿ ಕೂರುತ್ತದೆ. ತಿಂಗಳ ಲೆಕ್ಕದಲ್ಲಿ ದುಬಾರಿ ಮೀನಾದ ಮಾಂಜಿಯ 40 ಸಾವಿರ ಚಿಲ್ಲರೆ ಫಿಶ್‌ಮೀಲಿನ, ಅಂದರೆ ಪುಡಿ ಮಾಡಲು ಕೊಡುವ ಅಗ್ಗದ ಮೀನಿನ, ಎದುರು ಬಂತು. ಧಣಿಗಳು ಕಾಗದ ನೋಡಿ ನಕ್ಕರು. "ಮಾಂಜಿಯನ್ನು ಫಿಶ್‌ಮೀಲಿಗೆ ಹಾಕಿದ ಮೊದಲ ಜನ ನೀವೇ ಮಾರಾಯ್ರೆ." ಭಾವ ನಗಲಿಲ್ಲ. ಸಾಫ್ಟ್‌ವೇರಿನವರ ಕಾರ್ಡು ಮತ್ತೆ ಮೇಜಿನ ಮೇಲೆ ಬಂತು.

ಉಳಿದ ಸಣ್ಣಪುಟ್ಟದ್ದು ನಿಮಗೂ ಆಗಿರುತ್ತದೆ. ಕೆಜಿ ಕಾಲಮ್ಮಿನಲ್ಲಿ ಯಾರೋ '25 ಕೆಜಿ' ಅಂತ ಹೊಡೆದು ಪಿವೋಟ್ ಕೂಡಿಸುವ ಬದಲು ಎಣಿಸಲು ಶುರುಮಾಡಿತ್ತು. ಹೆಸರಿನ ಹಿಂದೆ ಖಾಲಿ ಜಾಗ ಬಿದ್ದು ಅಂಜಲ್ ಮೀನು ಪಿವೋಟಿನಲ್ಲಿ ಎರಡು ಸಾಲಾಗಿತ್ತು. ಖಾಲಿ ಜಾಗ ಅಳಿಸುವ ಟ್ರಿಮ್ಮಿಗೂ ಜಗ್ಗದ್ದು ಒಂದಿದೆ, ಪಾರ್ಟಿಯವರ ಇಮೇಲಿನಿಂದ ಕಾಪಿ ಮಾಡಿದರೆ ಬರುತ್ತದೆ, ಅಕ್ಷರ ಕೋಡ್ ನಂಬರ್ 160. ಪಿವೋಟಿನ ರೇಂಜು 1200ನೇ ಸಾಲಿಗೆ ನಿಂತಿತ್ತು, ಡೇಟಾವನ್ನು ಟೇಬಲ್ ಮಾಡಿದ ಮೇಲೆ ಆ ತಲೆಬಿಸಿ ಹೋಯಿತು. ರಿಫ್ರೆಶ್ ಮಾಡದೆ ಹಳೆ ಅಂಕಿ ಪ್ರಿಂಟ್ ಕೊಟ್ಟು, ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲಿನಲ್ಲಿ ಆರು ಸಾವಿರ ಕಡಿಮೆ ಹಂಚಿ, ಮರುದಿನ ದಕ್ಕೆಯಲ್ಲಿ ಎಲ್ಲರ ಎದುರು ಕೇಳಿಸಿಕೊಂಡದ್ದೂ ಉಂಟು.

ನಿಜವಾಗಿ ಬೆವರು ಇಳಿಸಿದ್ದು ತಾರೀಕು. ಹೊಸ ಲ್ಯಾಪ್‌ಟಾಪ್ ತಂದ ವರ್ಷ ತಿಂಗಳು ಪ್ರಕಾರ ಗುಂಪು ಮಾಡಲು ಹೋದರೆ ಪಿವೋಟ್ ಒಪ್ಪಲಿಲ್ಲ. ನೋಡಿದರೆ 12ರ ಮೇಲಿನ ತಾರೀಕೆಲ್ಲ ಎಡಕ್ಕೆ ಅಂಟಿಕೊಂಡಿವೆ, ಅಂದರೆ ಎಕ್ಸೆಲ್ಲಿಗೆ ಅವು ತಾರೀಕಲ್ಲ, ಬರೀ ಅಕ್ಷರ. ನಾಲ್ಕು ರಾತ್ರಿ ಕೂತು ಅವನ್ನೆಲ್ಲ ಸರಿ ಮಾಡಿದೆ. ಗುಂಪಾಯಿತು. ಪ್ರಿಂಟು ಕೊಟ್ಟೆ. ಧಣಿಗಳು ಕನ್ನಡಕ ತೆಗೆದು ಹಾಕಿ ಕೇಳಿದರು. "ಜೂನಿನಲ್ಲಿ ನಮ್ಮ ಬೋಟು ಎಲ್ಲಿತ್ತು?"

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಯವರು ಇಳಿಯುತ್ತಾರೆ, ನಮ್ಮದು ದಡದಲ್ಲೇ ಇರಬೇಕು. ನನ್ನ ಪಿವೋಟಿನಲ್ಲಿ ಜೂನ್ ಜುಲೈ ಎರಡರಲ್ಲೂ ಲಕ್ಷಗಟ್ಟಲೆ ಮೀನು! ಕರರಹಿತ ಡೀಸೆಲ್ ತಗೊಳ್ಳುವವರ ಪುಸ್ತಕದಲ್ಲಿ ಇಂಥದ್ದು ಯಾರ ಕಣ್ಣಿಗಾದರೂ ಬಿದ್ದರೆ?

ಲ್ಯಾಪ್‌ಟಾಪಿನ ತಾರೀಕು ಅಮೆರಿಕದ ಕ್ರಮದಲ್ಲಿತ್ತು, ತಿಂಗಳು ಮೊದಲು. ಪ್ರತಿ ತಿಂಗಳ ಆರನೇ ತಾರೀಕಿನ ಮೀನೆಲ್ಲ ಜೂನಿಗೆ ಹೋಗಿತ್ತು, ಏಳನೆಯದ್ದೆಲ್ಲ ಜುಲೈಗೆ. ಎಡಕ್ಕೆ ಅಂಟಿದ್ದನ್ನು ಮಾತ್ರ ಸರಿ ಮಾಡಿ, ಬಲಕ್ಕೆ ನಿಂತದ್ದು ಸರಿ ಇದೆ ಅಂದುಕೊಂಡಿದ್ದೆ. ಸುಳ್ಳು ಹೇಳುತ್ತಿದ್ದದ್ದು ಅವೇ. ಆಮೇಲೆ ಹೀಗೆ ಮಾಡಿದೆ: ಆ ಲ್ಯಾಪ್‌ಟಾಪಿನಲ್ಲಿ ಹೊಡೆದ ಸಾಲುಗಳಲ್ಲಿ ದಿನ 12ರ ಒಳಗಿದ್ದರೆ ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡು, ಇಲ್ಲದಿದ್ದರೆ ಬಿಡು. ಒಂದು ಇಫ್, ಒಳಗೆ ಒಂದು ಡೇಟ್. ಹತ್ತು ನಿಮಿಷ. ನಾಲ್ಕು ರಾತ್ರಿ ಸುಮ್ಮನೆ ಹೋಯಿತು. ಮಳೆಗಾಲದ ನಿಷೇಧ ಇಲ್ಲದಿದ್ದರೆ ಈ ತಪ್ಪು ಇವತ್ತಿಗೂ ಸಿಗುತ್ತಿರಲಿಲ್ಲ ನೋಡಿ. ಈಗಲೂ ಪ್ರಿಂಟ್ ಕೊಡುವ ಮೊದಲು ಜೂನ್ ಜುಲೈ ಖಾಲಿ ಇದೆಯಾ ಅಂತ ನೋಡುತ್ತೇನೆ.

ಸೀಸನ್ ಲೆಕ್ಕಕ್ಕೂ ಒಂದು ಉಪಾಯ ಹೇಳುತ್ತೇನೆ. ನಮಗೆ ವರ್ಷ ಶುರುವಾಗುವುದು ಜನವರಿಯಲ್ಲೂ ಅಲ್ಲ, ಏಪ್ರಿಲಿನಲ್ಲೂ ಅಲ್ಲ, ಆಗಸ್ಟಿನಲ್ಲಿ. ಇಡೇಟ್ ಹಾಕಿ ತಾರೀಕನ್ನು ಏಳು ತಿಂಗಳು ಹಿಂದೆ ತಳ್ಳಿ, ಅದರ ವರ್ಷ ತೆಗೆಯಿರಿ. 2023ರ ಆಗಸ್ಟೂ 2024ರ ಮೇ ತಿಂಗಳೂ 2023 ಅಂತಲೇ ಬರುತ್ತವೆ. ತಿಂಗಳ ಕೊನೆಗೆ ಎರಡು ಪಿವೋಟ್ ಎದುರೆದುರು ಇಟ್ಟು ಕಳ್ಳ ಎಂಟ್ರಿ ಹಿಡಿಯುವ ಕ್ರಮ ಇನ್ನೊಂದಿದೆ. ಅದನ್ನು ಬರೆಯುವುದಿಲ್ಲ. ಅದು ನನ್ನ ಅನ್ನ.

ಹೆಸರಿನ ಪಟ್ಟಿ ಕೈಗೆ ಕುದುರಿದ ಮೇಲೆ ಖರ್ಚಿಗೂ ಅದನ್ನೇ ಹಾಕಿದೆ. ಡೀಸೆಲ್, ಐಸ್, ರೇಶನ್, ಬಲೆ, ರಿಪೇರಿ. ಮೊದಲ ಪಿವೋಟಿನಲ್ಲಿ ಡೀಸೆಲ್ ಬಿಟ್ಟರೆ ಅತಿ ದೊಡ್ಡ ಖರ್ಚು 'ಇತರೆ', ನಾಲ್ಕೂಮುಕ್ಕಾಲು ಲಕ್ಷ. ಬಿಚ್ಚಿ ನೋಡಿದರೆ ಅದರಲ್ಲಿ ಮೂರು ಲಕ್ಷದ ಹತ್ತಿರ ಒಂದೇ ಬೋಟಿನ ವಿಂಚ್ (ಬಲೆ ಎಳೆಯುವ ಯಂತ್ರ) ಮತ್ತು ಗೇರ್‌ಬಾಕ್ಸ್ ರಿಪೇರಿ, ಐದು ಸಾವಿರ ಎಂಟು ಸಾವಿರ ಅಂತ ಚೂರುಚೂರಾಗಿ ಬರೆದದ್ದು. ಧಣಿಗಳು ಆ ಮಳೆಗಾಲದಲ್ಲೇ ವಿಂಚ್ ಬದಲಿಸಿದರು. ನನಗೆ ಸಂಬಳದ ಮೇಲೆ ಹತ್ತು ಸಾವಿರ, ಜತೆಗೆ ನಾಲ್ಕು ಕೆಜಿಯ ಒಂದು ಅಂಜಲ್. ಭಾವ ಏನೂ ಹೇಳಲಿಲ್ಲ. ಮರುವಾರ ತಮ್ಮ ಐಸ್ ಪ್ಲಾಂಟಿನ ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿ, "ಪುರುಸೊತ್ತು ಇದ್ದರೆ ನೋಡಿ" ಅಂದರು. ಪುರುಸೊತ್ತು ಇರಲಿಲ್ಲ. ನೋಡಿದೆ.

ಮೊನ್ನೆ ಒಬ್ಬ ತಂಡೇಲರು 'ಮಿಕ್ಸ್ ಸಣ್ಣದು, ಸ್ವಲ್ಪ ಒಳ್ಳೆದು' ಅಂತ ಎಂಟ್ರಿ ಕಳಿಸಿದ್ದಾರೆ, 210 ಕೆಜಿ. ಇದು ಫಿಶ್‌ಮೀಲಾ, ಮಾರ್ಕೆಟ್ ಮೀನಾ ಅಂತ ಕೇಳಲು ಫೋನ್ ಮಾಡಿದೆ, ಬೋಟು ಆಗಲೇ ಹೊರಟಿತ್ತು, ರೇಂಜ್ ಸಿಗಲಿಲ್ಲ. ಸದ್ಯ ಹಳದಿಯಲ್ಲೇ ಇದೆ.