ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವ ಕ್ರಮ

ನೆಗೆಟಿವ್ ಸಿಕ್ಕಿದರೆ ಪ್ರಿಂಟ್‌ಗಿಂತ ಮೊದಲು ಅದನ್ನೇ ಸ್ಕ್ಯಾನ್ ಮಾಡಬೇಕು. ಪ್ರಿಂಟ್‌ನಲ್ಲಿ ಬರೀ ಕಪ್ಪಾಗಿ ಕಾಣುವ ನೆರಳಿನೊಳಗಿನ ಮುಖವೂ ನೆಗೆಟಿವ್‌ನಲ್ಲಿ ಹಲವು ಬಾರಿ ಉಳಿದಿರುತ್ತದೆ. ಹತ್ತಿಯ ಕೈಗವಸು ತೊಟ್ಟು, ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿದು, ಗಾಳಿಯೂದುವ ರಬ್ಬರ್ ಪಂಪಿನಿಂದ ಧೂಳು ಹಾರಿಸಿ. ಬಾಯಿಂದ ಊದಿದರೆ ಎಂಜಲು ಸಿಡಿದು ಕಲೆಯಾಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಮಂಕಾಗಿ ಕಾಣುವುದು ಎಮಲ್ಷನ್ (ಚಿತ್ರ ಮೂಡಿರುವ ಲೇಪನ) ಇರುವ ಬದಿ, ಅದನ್ನು ಒರೆಸಲೇಬಾರದು.

ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮ್ ಕೆಡಲಾರಂಭಿಸಿದೆ ಎಂದರ್ಥ. ಅಂಥವನ್ನು ಬೇರ್ಪಡಿಸಿ ಮೊದಲ ಸರದಿಯಲ್ಲೇ ಮುಗಿಸಿ. 35 ಮಿ.ಮೀ. ನೆಗೆಟಿವ್‌ಗೆ 3200 ಡಿಪಿಐ (ಪ್ರತಿ ಇಂಚಿಗೆ ಇಷ್ಟು ಚುಕ್ಕೆಗಳು ಎಂಬ ಅಳತೆ), ಪ್ರಿಂಟ್‌ಗೆ 600 ಡಿಪಿಐ ಸಾಮಾನ್ಯವಾಗಿ ಸಾಕು. ಮೂಲ ಕಡತ ಟಿಫ್ (TIFF, ಚಿತ್ರದ ವಿವರ ಕಳೆಯದೆ ಉಳಿಸುವ ಕಡತದ ಬಗೆ) ರೂಪದಲ್ಲಿರಲಿ. ಆಲ್ಬಮ್‌ಗೆ ಅಂಟಿಕೊಂಡ ಚಿತ್ರವನ್ನು ಕೀಳುವ ಸಾಹಸ ಬೇಡ, ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ. ಕೆಲಸ ಮುಗಿದ ಮೇಲೆ ನೆಗೆಟಿವ್‌ಗಳನ್ನು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ, ತಂಪಾದ ಒಣ ಕಪಾಟಿನಲ್ಲಿಡಿ.